ಮೂರು ಕೈಯಲ್ಲಿ ಎಳೆದ ರಸ್ತೆ

ನಾನು ನಿಂತಿದ್ದದ್ದು ಹುಬ್ಬಳ್ಳಿ ಪಕ್ಕದ ಬೈರಿದೇವರಕೊಪ್ಪದ ನಮ್ಮ ಸರಕಾರಿ ಕನ್ನಡ ಶಾಲೆಯ ಐದನೆಯ ತರಗತಿಯ ಹಿಂದಿನ ಕಿಟಕಿಯ ಹೊರಗೆ. 2004ರ ಜನವರಿಯ ಒಂದು ಶುಕ್ರವಾರ. ಬಿಸಿಯೂಟ ಮುಗಿದು ಮಕ್ಕಳು ನಳದ ಹತ್ತಿರ ತಟ್ಟೆ ತೊಳೆಯುತ್ತಿದ್ದ ಹೊತ್ತು. ಕಿಟಕಿಗೆ ಸರಳುಗಳಿದ್ದವು, ಗಾಜು ಇರಲಿಲ್ಲ. ಒಳಗಿನ ಕಂಪ್ಯೂಟರಿಗೂ ನನಗೂ ನಡುವೆ ಒಂದು ಬೆಂಚು ಮಾತ್ರ. ನನ್ನ ಕಣ್ಣು ಆಗ ಚೆನ್ನಾಗಿತ್ತು, ಕನ್ನಡಕ ಬಂದದ್ದು ಆಮೇಲೆ.

ಕಟಕಟೆಯಲ್ಲಿ ನಿಂತವನ ಹಾಗೆ ಇಷ್ಟೆಲ್ಲ ಹೇಳುವುದಕ್ಕೆ ಕಾರಣವಿದೆ. ನಾನು ಕಂಡದ್ದು ಇಷ್ಟೇ: ಮೂವರು ಮಕ್ಕಳು ಕೂಡಿ ಒಂದು ಕೆಲಸ ಮಾಡುತ್ತಿದ್ದರು. ನೀವು ನಗುತ್ತೀರಿ. ನನ್ನ ಹೆಂಡತಿಯೂ ನಕ್ಕಿದ್ದಳು. ಆದರೆ ವರ್ಷಗಟ್ಟಲೆ ಮಕ್ಕಳಿಗೆ 'ಕೂಡಿ ಮಾಡ್ರಿ, ಕೂಡಿ ಮಾಡ್ರಿ' ಎಂದು ಹೇಳಿ ಗಂಟಲು ಒಣಗಿಸಿಕೊಂಡ ಮಾಸ್ತರನೊಬ್ಬ ಅದನ್ನು ಕಣ್ಣಾರೆ ಕಂಡಾಗ ಕಿಟಕಿಯ ಸರಳು ಹಿಡಿದುಕೊಳ್ಳಬೇಕಾಗುತ್ತದೆ. ನಾನು ಹಿಡಿದುಕೊಂಡೆ. ಅಂಗೈಗೆ ತುಕ್ಕು ಹತ್ತಿತ್ತು.

ನಾನು ಕೆಲಸಕ್ಕೆ ಸೇರಿದಾಗ, ತೊಂಬತ್ತರ ದಶಕದ ಆರಂಭದಲ್ಲಿ, ಕೂಡಿ ಮಾಡುವುದಕ್ಕೆ ಶಾಲೆಯಲ್ಲಿ ಇದ್ದ ಹೆಸರು ಕಾಪಿ. ಪಾಟಿಯ ಸುತ್ತ ಮೊಣಕೈಯಿಂದ ಕೋಟೆ ಕಟ್ಟಿಕೊಂಡು ಬರೆಯುವವನೇ ಜಾಣ. ಪಕ್ಕದವನ ಪಾಟಿ ಇಣುಕಿದವನಿಗೆ ಬೆತ್ತ. ಕೆಲವು ವರ್ಷಗಳ ನಂತರ ಧಾರವಾಡದಲ್ಲಿ ಹೊಸ ಪದ್ಧತಿಯ ತರಬೇತಿ ಬಂತು. ಇನ್ನು ಮುಂದೆ ಮಕ್ಕಳನ್ನು ಗುಂಪು ಮಾಡಿ ಕೂರಿಸಬೇಕು, ಒಬ್ಬರ ಪಾಟಿ ಒಬ್ಬರು ನೋಡಬೇಕು ಎಂದರು. ನಮಗೆ ರೂಢಿಯಾಗಲಿ ಎಂದು ನಮ್ಮನ್ನೂ ಗುಂಪು ಮಾಡಿ, ದೊಡ್ಡ ಹಾಳೆ, ಬಣ್ಣದ ಪೆನ್ನು ಕೊಟ್ಟು, 'ಸಹಕಾರ' ಎಂಬ ವಿಷಯದ ಮೇಲೆ ಚಿತ್ರ ಬಿಡಿಸಲು ಹೇಳಿದರು. ನಮ್ಮ ಗುಂಪಿನಲ್ಲಿ ಅಕ್ಷರ ಚೆಂದವಿದ್ದ ಒಬ್ಬರು ಬರೆದರು. ಉಳಿದವರು ಚಹಾಕ್ಕೆ ಹೋದರು. ಬಹುಮಾನ ನಮಗೇ ಬಂತು.

ಆಮೇಲೆ ನಾನು ಈ ವಿಷಯದ ಬಗ್ಗೆ ಅಗತ್ಯಕ್ಕಿಂತ ಹೆಚ್ಚು ಯೋಚಿಸಿದ್ದೇನೆ. ಸಹಕಾರಿ ಸಂಘಗಳ ಬೋರ್ಡು ಇಲ್ಲದ ಹಳ್ಳಿ ನಮ್ಮ ಕಡೆ ಸಿಗುವುದು ಕಷ್ಟ. ಒಳಗೆ ಹೋದರೆ ಆಡಳಿತ ಮಂಡಳಿಯಲ್ಲಿ ಜಗಳವಿಲ್ಲದ ಸಂಘ ಸಿಗುವುದು ಇನ್ನೂ ಕಷ್ಟ. ಹುಬ್ಬಳ್ಳಿ ಧಾರವಾಡಗಳನ್ನೇ ನೋಡಿ. ಎರಡಕ್ಕೂ ಕೂಡಿ ಒಂದೇ ಮಹಾನಗರಪಾಲಿಕೆ. ಆದರೂ ಹುಬ್ಬಳ್ಳಿಯವರಿಗೆ ಧಾರವಾಡದವರು ಮಧ್ಯಾಹ್ನ ಮಲಗುವ ಜನ, ಧಾರವಾಡದವರಿಗೆ ಹುಬ್ಬಳ್ಳಿಯವರು ರೊಕ್ಕ ಬಿಟ್ಟರೆ ಬೇರೆ ಮಾತು ಗೊತ್ತಿಲ್ಲದ ಜನ. ನಿಜವಾಗಿ ಕೂಡಿ ಕೆಲಸ ಮಾಡುವುದನ್ನು ನಾನು ನೋಡಿದ್ದು ನಮ್ಮ ಮನೆಯ ಒಲೆಯ ಮುಂದೆ: ಅವ್ವ ರೊಟ್ಟಿ ಬಡಿಯುತ್ತಿದ್ದಳು, ಚಿಕ್ಕಪ್ಪನ ಹೆಂಡತಿ ಕಾಕು ಬೇಯಿಸುತ್ತಿದ್ದಳು. ಇಬ್ಬರೂ ಅಷ್ಟೂ ಹೊತ್ತು ಒಬ್ಬರಿಗೊಬ್ಬರು ಚುಚ್ಚಿ ಮಾತಾಡುತ್ತಿದ್ದರು. ಆದರೆ ಹಂಚು ಖಾಲಿ ಇದ್ದದ್ದು ನೆನಪಿಲ್ಲ, ರೊಟ್ಟಿ ಹೊತ್ತಿದ್ದೂ ನೆನಪಿಲ್ಲ.

ತರಗತಿಯಲ್ಲಿ ಹಾಗಾಗಲಿಲ್ಲ. ತರಬೇತಿಯಲ್ಲಿ ಹೇಳಿದಂತೆ ಪ್ರತಿ ಗುಂಪಿಗೆ ಒಬ್ಬ ನಾಯಕ, ಒಬ್ಬ ಬರೆಯುವವ, ಒಬ್ಬ ಎದ್ದು ನಿಂತು ಹೇಳುವವ ಎಂದು ನೇಮಿಸಿದೆ. ಮಕ್ಕಳು ಅದನ್ನು ಆ ದಿನವೇ ಸರಕಾರ ಮಾಡಿಬಿಟ್ಟರು.

"ನಾ ಲೀಡರ್ ಅದೇನಿ. ಲೀಡರ್ ಬರಿಯಾಂಗಿಲ್ಲ," ಎನ್ನುತ್ತಿದ್ದ ಮಹಾಂತೇಶ.

"ಮತ್ತ ಲೀಡರ್ ಏನ್ ಮಾಡ್ತಾನಲೇ?" ದಾವಲಸಾಬ ಕೇಳುತ್ತಿದ್ದ.

"ನೀ ಬರಿಯಾಕತ್ತಿ ಇಲ್ಲೋ ಅಂತ ನೋಡ್ತಾನ."

ಈ ಇಬ್ಬರ ಗುಂಪಿನಲ್ಲಿ ಮೂರನೆಯವಳು ಗಂಗವ್ವ. ಗೆಳೆಯರನ್ನು ಒಂದೇ ಗುಂಪಿನಲ್ಲಿ ಹಾಕಬಾರದು ಎಂಬುದು ತರಬೇತಿಯ ಇನ್ನೊಂದು ನಿಯಮ. ಗಂಗವ್ವನ ಮಟ್ಟಿಗೆ ಆ ನಿಯಮ ಬೇಕಾಗಿರಲಿಲ್ಲ. ಅವಳಿಗೆ ಗೆಳತಿ ಅಂತ ಯಾರೂ ಉಳಿದಿರಲಿಲ್ಲ. ಒಂದನೆಯ ತರಗತಿಯಿಂದ ಅವಳ ಪಕ್ಕದಲ್ಲಿ ಕೂತು, ಅವಳ ರೊಟ್ಟಿಯಲ್ಲಿ ಅರ್ಧ ತಿನ್ನುತ್ತಿದ್ದವಳು ಸುಜಾತಾ. ಸುಜಾತಾಳ ತಂದೆ ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ಆ ವರ್ಷ ಅವರಿಗೆ ಧಾರವಾಡಕ್ಕೆ ವರ್ಗವಾಯಿತು. ದೊಡ್ಡವರಿಗೆ ಧಾರವಾಡ ಬಸ್ಸಿನಲ್ಲಿ ಒಂದು ನಿದ್ದೆಯಷ್ಟು ದೂರ. ಅಮರಗೋಳದ ಮಾರುಕಟ್ಟೆಯಲ್ಲಿ ಮೂಟೆ ಹೊರುವ ತಂದೆಯ, ಹೊಲದ ಕೂಲಿಗೆ ಹೋಗುವ ತಾಯಿಯ ಮಗಳಿಗೆ ಅದು ಇನ್ನೊಂದು ದೇಶ. ಸುಜಾತಾ ಹೋದ ಮೇಲೆ ಗಂಗವ್ವ ಶಾಲೆಗೆ ಬರುವುದು ಕಡಿಮೆಯಾಯಿತು.

ಅವಳು ಮತ್ತೆ ಬರಲು ಶುರುಮಾಡಿದ್ದು ಕಂಪ್ಯೂಟರಿನಿಂದ. ಒಂದು ಟ್ರಸ್ಟಿನವರು ಕೆಲವು ಶಾಲೆಗಳಿಗೆ ಒಂದೊಂದು ಕಂಪ್ಯೂಟರ್, ಫೋನಿನ ತಂತಿಯ ಇಂಟರ್ನೆಟ್ ಕೊಟ್ಟು, ಹುಬ್ಬಳ್ಳಿ ಕಡೆಯ ಒಂದು ಶಾಲೆಗೆ ಧಾರವಾಡದ ಒಂದು ಶಾಲೆಯನ್ನು ಜೋಡಿ ಮಾಡಿದ್ದರು. ದೂರವಿದ್ದೂ ಮಕ್ಕಳು ಕೂಡಿ ಕಲಿಯಬೇಕು ಎಂಬುದು ಅವರ ಆಸೆ. ಎಲ್ಲಿ ಹಾಗೆ ಕಲಿಯುತ್ತಾರೋ ಅಲ್ಲಿ ಕಂಪ್ಯೂಟರ್ ಉಳಿಯುತ್ತದೆ, ಇಲ್ಲದಿದ್ದರೆ ಬೇರೆ ಶಾಲೆಗೆ ಹೋಗುತ್ತದೆ. ನಮ್ಮಲ್ಲಿ ಅದರ ಜವಾಬ್ದಾರಿ ಹೊತ್ತವರು ನನ್ನ ಸಹೋದ್ಯೋಗಿ ಶಕುಂತಲಾ ಬಾಯಿ. ಮಕ್ಕಳ ಬಾಯಲ್ಲಿ ಶಕುಂತಲಾ ಅಕ್ಕೋರು. ಸುಜಾತಾಳ ತಂದೆ ವರ್ಗಾವಣೆಯ ಪತ್ರ ಕೇಳಲು ಬಂದಾಗ, "ಆಕೀನ್ನ ನಮ್ಮ ಜೋಡಿ ಸಾಲಿಗೇ ಹಾಕ್ರಿ, ಹುಡುಗ್ಯಾರು ಶುಕ್ರವಾರಕ್ಕೊಮ್ಮೆ ಮಾತಾಡಿಕೋತಾವ," ಎಂದು ಹೇಳಿದವರೂ ಅವರೇ.

ಶುಕ್ರವಾರ ಊಟದ ನಂತರ ಮೋಡೆಮ್ಮು ಗಂಟಲು ಕಟ್ಟಿದ ಕೋಳಿಯಂತೆ ಕೂಗಿ ಧಾರವಾಡಕ್ಕೆ ಹತ್ತುತ್ತಿತ್ತು. ಕನ್ನಡ ಅಕ್ಷರ ಆ ಕಡೆ ಚೌಕ ಚೌಕವಾಗಿ ಕಾಣುತ್ತಿದ್ದುದರಿಂದ ಮಕ್ಕಳು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುತ್ತಿದ್ದರು. ಎರಡು ಊರಿನ ಮಕ್ಕಳು ಪರಿಸರ, ಸಂಸ್ಕೃತಿಗಳ ಬಗ್ಗೆ ವಿಚಾರ ವಿನಿಮಯ ಮಾಡಿಕೊಳ್ಳಬೇಕೆಂದು ಟ್ರಸ್ಟಿನವರು ಬರೆದುಕೊಟ್ಟಿದ್ದರು. ಗಂಗವ್ವ ಕೇಳುತ್ತಿದ್ದದ್ದು, ಊಟ ಆತೇನು, ಏನು ಪಲ್ಯ. ಬಹಳ ಹೊತ್ತಿನ ಮೇಲೆ ಧಾರವಾಡದಿಂದ ಉತ್ತರ ಬರುತ್ತಿತ್ತು: ಬದನೀಕಾಯಿ. ಅವಳ ಮುಖ ಅರಳುತ್ತಿತ್ತು. ಅವಳ ತಾಯಿ ಒಮ್ಮೆ ದಾರಿಯಲ್ಲಿ ಸಿಕ್ಕು ಹೇಳಿದಳು: "ಶುಕ್ರವಾರ ಒಂದ್ ತಪ್ಪಸಂಗಿಲ್ಲ ನೋಡ್ರಿ ಸರ್ರ. ಉಳದ ದಿನಾ ಹೊಟ್ಟಿ ನೋವು." ನಿಧಾನವಾಗಿ ಹೊಟ್ಟೆನೋವು ಗುರುವಾರಕ್ಕೂ ಬಿಟ್ಟಿತು, ಬುಧವಾರಕ್ಕೂ ಬಿಟ್ಟಿತು. ಆ ಯಂತ್ರ ಹೋದರೆ ಈ ಹುಡುಗಿಯೂ ಹೋಗುತ್ತಾಳೆ ಎಂದು ನನಗೂ ಶಕುಂತಲಾ ಬಾಯಿಗೂ ಗೊತ್ತಿತ್ತು. ನಾವು ಅದನ್ನು ಬಾಯಿ ಬಿಟ್ಟು ಆಡಿರಲಿಲ್ಲ.

ಕೂಡಿ ಕಲಿಯುವುದಕ್ಕೆ ಕಂಪ್ಯೂಟರಿನಷ್ಟು ಕೆಟ್ಟ ಸಾಧನ ಇಲ್ಲ ಎಂಬುದು ಇಷ್ಟರಲ್ಲಿ ನನಗೆ ಮನವರಿಕೆಯಾಗಿತ್ತು. ಮೌಸ್ ಒಂದೇ. ಹಿಡಿದವನು ರಾಜ, ಉಳಿದವರು ಪ್ರಜೆಗಳು. ಹಿಡಿಯುತ್ತಿದ್ದವನು ಸದಾ ಮಹಾಂತೇಶ. ದಾವಲ ಅವನ ತಲೆಯ ಮೇಲಿಂದ ಬಗ್ಗಿ ನೋಡುತ್ತಿದ್ದ, ಗಂಗವ್ವ ಸರದಿ ಬಂದಾಗ ಅಕ್ಷರ ಕುಟ್ಟುತ್ತಿದ್ದಳು.

ವರ್ಷದ ಕೊನೆಗೆ ಟ್ರಸ್ಟಿನವರು ಒಂದು ಕೆಲಸ ಕೊಟ್ಟರು. ಎರಡೂ ಶಾಲೆ ಕೂಡಿ ಹುಬ್ಬಳ್ಳಿ ಧಾರವಾಡ ರಸ್ತೆಯ ನಕ್ಷೆ ಮಾಡಬೇಕು. ಹುಬ್ಬಳ್ಳಿಯಿಂದ ನಡುದಾರಿಯ ರಾಯಾಪುರದವರೆಗೆ ನಾವು, ಧಾರವಾಡದಿಂದ ರಾಯಾಪುರದವರೆಗೆ ಅವರು. ಎರಡೂ ಅರ್ಧಗಳನ್ನು ಪರದೆಯ ಮೇಲೆ ಜೋಡಿಸಿದ ದಿನ ತಪ್ಪು ಬಯಲಾಯಿತು. ನಮ್ಮ ಮಕ್ಕಳು ಹುಬ್ಬಳ್ಳಿಯನ್ನು ಕೆಳಗೆ, ತಮ್ಮ ಕಾಲ ಬುಡದಲ್ಲಿ ಇಟ್ಟು ರಸ್ತೆಯನ್ನು ನೆಟ್ಟಗೆ ಮೇಲಕ್ಕೆ ಒಯ್ದಿದ್ದರು. ಧಾರವಾಡದ ಮಕ್ಕಳು ಧಾರವಾಡವನ್ನು ಕೆಳಗೆ ಇಟ್ಟು ಅದನ್ನೇ ಮಾಡಿದ್ದರು. ಇಬ್ಬರಿಗೂ ತಮ್ಮ ಊರು ಇಲ್ಲೇ, ಇನ್ನೊಬ್ಬರ ಊರು ಎಲ್ಲೋ ಮೇಲೆ. ಎರಡು ರಸ್ತೆಗಳೂ ಆಕಾಶದಲ್ಲಿ ಮುಗಿದಿದ್ದವು, ರಾಯಾಪುರಗಳು ಎರಡಾಗಿದ್ದವು.

"ಅವರಿಗೆ ದಿಕ್ಕು ಗೊತ್ತಿಲ್ರಿ ಸರ್ರ," ಎಂದ ಮಹಾಂತೇಶ.

"ನಿನಗ ಗೊತ್ತೈತೇನು? ಪುಸ್ತಕದಾಗ ನೋಡು. ಧಾರವಾಡ ಮ್ಯಾಲ ಎಡಕ್ಕ ಐತಿ," ಎಂದಳು ಗಂಗವ್ವ.

ಅವಳು ಹೇಳಿದ್ದು ಸರಿ. ಹುಬ್ಬಳ್ಳಿ ಕೆಳಗೆ ಬಲಕ್ಕೆ, ಧಾರವಾಡ ಮೇಲೆ ಎಡಕ್ಕೆ. ರಸ್ತೆ ಓರೆಯಾಗಿ ಏರಬೇಕು. ಎರಡೂ ಕಡೆ ಅಳಿಸಿ ಹೊಸದಾಗಿ ಮಾಡಬೇಕಾಯಿತು. ಶನಿವಾರ ಟ್ರಸ್ಟಿನ ಸಾಹೇಬರು ನೋಡಲು ಬರುವವರಿದ್ದರು. ಧಾರವಾಡದವರು ತಮ್ಮ ಅರ್ಧವನ್ನು ಗುರುವಾರವೇ ಮುಗಿಸಿ ಕಳಿಸಿದರು. ನಮ್ಮದು ಶುಕ್ರವಾರ ಹೋಗಬೇಕಿತ್ತು.

ಗುರುವಾರ ಸಂಜೆ ಶಕುಂತಲಾ ಬಾಯಿ ಮೌಸಿನ ಉಂಡೆ ತೊಳೆದರು.

ಆಗಿನ ಮೌಸುಗಳ ಹೊಟ್ಟೆಯಲ್ಲಿ ರಬ್ಬರು ಹೊದಿಸಿದ ಭಾರದ ಉಂಡೆಯೊಂದು ಇರುತ್ತಿತ್ತು. ಅದು ಉರುಳಿದರೆ ಪರದೆಯ ಮೇಲಿನ ಬಾಣ ಓಡುತ್ತಿತ್ತು. ನಮ್ಮ ಊರಿನ ಧೂಳಿಗೆ ಅದು ದಿನಕ್ಕೊಮ್ಮೆ ಮುನಿಸಿಕೊಳ್ಳುತ್ತಿತ್ತು. ಸಾಹೇಬರು ಬರುವ ಮುಂಚೆ ಎಲ್ಲ ಸ್ವಚ್ಛವಾಗಿರಲಿ ಎಂದು ಬಾಯಿಯವರು, ಮನೆಯ ದೇವರ ಸಾಮಾನು ತೊಳೆಯುವಷ್ಟೇ ಶ್ರದ್ಧೆಯಿಂದ, ಉಂಡೆಯನ್ನು ಸಾಬೂನು ಹಚ್ಚಿ ತೊಳೆದು ಹೊರಗಿನ ಕಟ್ಟೆಯ ಮೇಲೆ ಆರಲು ಇಟ್ಟರು. ಉಂಡೆ ತನ್ನ ಧರ್ಮ ಮಾಡಿತು. ಉರುಳಿ ಗಟಾರಕ್ಕೆ ಬಿತ್ತು. ಆ ಗಟಾರದಲ್ಲಿ ಬಿದ್ದದ್ದನ್ನು ಯಾರೂ ಹುಡುಕುವುದಿಲ್ಲ. ನಾವು ಕೋಲು ಹಾಕಿ ಕೆದಕಿ ನೋಡಿ ಕೈಬಿಟ್ಟೆವು.

ಹುಬ್ಬಳ್ಳಿಗೆ ಹೋಗಿ ಹೊಸ ಮೌಸ್ ತರುವಂತಿರಲಿಲ್ಲ. ಬೇರೆ ಸಾಮಾನು ಜೋಡಿಸಬಾರದು, ಏನಾದರೂ ಕೆಟ್ಟರೆ ತಿಳಿಸಬೇಕು ಎಂಬುದು ಟ್ರಸ್ಟಿನ ಕರಾರು. ಬಾಯಿಯವರು ಫೋನು ಮಾಡಿದರು. ಸಾಹೇಬರು ಸಿಟ್ಟಾಗಲಿಲ್ಲ. "ಇರಲಿ ಬಿಡ್ರಿ ಅಕ್ಕೋರ, ಶನಿವಾರ ಬರೂಮುಂದ ಹೊಸಾದು ತರ್ತೇನಿ," ಎಂದರು. ಆದರೆ ನಕ್ಷೆ ಶುಕ್ರವಾರವೇ ಬೇಕು. ಶುಕ್ರವಾರ ಬೆಳಿಗ್ಗೆ ಬಾಯಿಯವರು ಮಕ್ಕಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಗಂಗವ್ವ ಅತ್ತಿದ್ದು ನಾನು ನೋಡಲಿಲ್ಲ. ಊಟಕ್ಕೆ ಕೂರಲಿಲ್ಲ ಎಂಬುದನ್ನು ನೋಡಿದೆ.

ಅವಳನ್ನು ಹುಡುಕುತ್ತಲೇ ನಾನು ಆ ಕಿಟಕಿಯ ಹತ್ತಿರ ಬಂದದ್ದು. ಒಳಗೆ ಮೂವರೂ ಇದ್ದರು. ಶಕುಂತಲಾ ಬಾಯಿ ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ನೋಡಿ ಸುಮ್ಮನಿರುವಂತೆ ಸನ್ನೆ ಮಾಡಿದರು. ದಾವಲ ಮೌಸನ್ನು ಅಂಗಾತ ಮಾಡಿ ಅಂಗೈಯಲ್ಲಿ ಇಟ್ಟುಕೊಂಡಿದ್ದ. ಉಂಡೆ ಇದ್ದ ಗುಂಡಿಯೊಳಗೆ ಕಡ್ಡಿಯಂಥ ಎರಡು ಸಣ್ಣ ಉರುಳೆಗಳು ಕಾಣುತ್ತಿದ್ದವು. ಒಂದನ್ನು ತಿರುವಿದರೆ ಬಾಣ ಮೇಲೆ ಕೆಳಗೆ ಹೋಗುತ್ತದೆ, ಇನ್ನೊಂದನ್ನು ತಿರುವಿದರೆ ಎಡಕ್ಕೆ ಬಲಕ್ಕೆ. ಮೊದಲನೆಯದರ ಮೇಲೆ ಮಹಾಂತೇಶನ ಬೆರಳು, ಎರಡನೆಯದರ ಮೇಲೆ ಗಂಗವ್ವನದು. ಗೆರೆ ಮೂಡಬೇಕಾದರೆ ಮೌಸಿನ ಬಟನ್ನು ಒತ್ತಿಯೇ ಇರಬೇಕು. ಅದು ಕೆಳಗಿದ್ದ ದಾವಲನ ಬೆರಳಿನ ಪಾಲು. ಇದನ್ನು ಯಾರು ಕಂಡುಹಿಡಿದರೋ ನನಗೆ ತಿಳಿಯದು. ನಾನು ಬಂದಾಗ ಹುಬ್ಬಳ್ಳಿಯಿಂದ ಉಣಕಲ್ಲಿನ ಕೆರೆಯವರೆಗೆ ರಸ್ತೆ ಆಗಿತ್ತು.

ಅದು ರಸ್ತೆಯಾಗಿರಲಿಲ್ಲ, ಮೆಟ್ಟಿಲಾಗಿತ್ತು. ಮಹಾಂತೇಶ ಒಂದಿಷ್ಟು ತಿರುವಿ ನಿಲ್ಲಿಸುತ್ತಿದ್ದ, ಗಂಗವ್ವ ಒಂದಿಷ್ಟು ತಿರುವುತ್ತಿದ್ದಳು. ಮೇಲಕ್ಕೊಂದು ಗೆರೆ, ಎಡಕ್ಕೊಂದು ಗೆರೆ.

"ನೀ ನಿಲ್ಲಲೇ, ನಂದ್ ಆಗ್ಲಿ," ಎಂದಳು ಗಂಗವ್ವ.

"ನಿಂದ್ ಭಾಳ ಆತು. ಬಸ್ಸು ಕೆರ್‍ಯಾಗ ಬೀಳತೈತಿ."

"ಲಗೂ ಮಾಡ್ರಿಲೇ, ನನ್ನ ಬೆರಳ ಜೋಮು ಹಿಡದಾವು," ಎಂದ ದಾವಲ.

"ಹಿಂಗ ಆಗಂಗಿಲ್ಲ. ಇಬ್ರೂ ಕೂಡೇ ತಿರುವಬೇಕು," ಎಂದಳು ಗಂಗವ್ವ.

"ಕೂಡೇ ಅಂದ್ರ ಹೆಂಗ? ನೀ ಯಾವಾಗ ತಿರುವ್ತಿ ಅಂತ ನನಗ ಹೆಂಗ ಗೊತ್ತಾಗಬೇಕು?"

ಅವಳು ರಾಗವೆಳೆದಳು: "ಎರಡೊಂದ್ಲಿ ಎರಡು."

ಮಗ್ಗಿ. ಸಂಜೆ ಗಂಟೆಗೆ ಮುಂಚೆ ಇಡೀ ಶಾಲೆ ಅಂಗಳದಲ್ಲಿ ನಿಂತು ಒಂದೇ ಉಸಿರಿನಲ್ಲಿ ಒದರುವ ಮಗ್ಗಿ. ಅದು ಹಳೆಯ ಪದ್ಧತಿ, ಬಿಟ್ಟುಬಿಡಿ ಎಂದು ತರಬೇತಿಯಲ್ಲಿ ಹೇಳಿದ್ದರು. ಪಾಲಕರು ಬೈಯುತ್ತಾರೆಂದು ನಾವು ಬಿಟ್ಟಿರಲಿಲ್ಲ, ಅಷ್ಟೇ. ಮಕ್ಕಳು ನಿಜವಾಗಿ ಕೂಡಿ ಮಾಡುತ್ತಿದ್ದ ಕೆಲಸ ಶಾಲೆಯಲ್ಲಿ ಅದೊಂದೇ ಇತ್ತು ಎಂಬುದು, ಅಲ್ಲಿ ನಿಂತಾಗ, ನನಗೆ ಮೊದಲ ಸಲ ಹೊಳೆಯಿತು.

"ಎರಡೆರಡ್ಲಿ ನಾಕು," ಎಂದ ದಾವಲ, ಕೆಳಗಿನಿಂದ.

ಮೂವರೂ ಹೇಳತೊಡಗಿದರು. ಒಂದು ಸಾಲಿಗೆ ಇಬ್ಬರದೂ ಒಂದೊಂದು ತಿರುವು. ಮೆಟ್ಟಿಲು ಮೊದಲು ಸಣ್ಣದಾಯಿತು. ನಂತರ ಇನ್ನೂ ಸಣ್ಣದಾಯಿತು. ಮೂರರ ಮಗ್ಗಿಗೆ ಬಂದಾಗ, ನಕ್ಷೆಯಲ್ಲಿ ನಮ್ಮ ಬೈರಿದೇವರಕೊಪ್ಪ ದಾಟಿ ಅಮರಗೋಳದ ಹತ್ತಿರ, ಗೆರೆ ಓರೆಯಾಯಿತು. ನಾನು ಕಂಡದ್ದನ್ನಷ್ಟೇ ಹೇಳುತ್ತಿದ್ದೇನೆ. ಮೂರು ಕೈ, ಮೂರು ಜಗಳಗಂಟ ಬಾಯಿ, ಒಂದೇ ಗೆರೆ. ಅದು ಸ್ವಲ್ಪ ನಡುಗುತ್ತಾ, ಎಲ್ಲಿಯೂ ಮುರಿಯದೆ, ರಾಯಾಪುರದತ್ತ ಏರಿತು. ಸುಜಾತಾಳ ಶಾಲೆ ಕಳಿಸಿದ್ದ ರಸ್ತೆಯ ತುದಿಗೆ ಅದು ತಾಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ದಾವಲ ಮೌಸ್ ಕೆಳಗಿಟ್ಟು ಬೆರಳು ಜಾಡಿಸಿಕೊಂಡ. ಪಾತ್ರೆಯಲ್ಲಿ ಊಟ ಉಳಿದಿದೆಯೇ ನೋಡಲು ಗಂಗವ್ವ ಓಡಿದಳು.

ನಕ್ಷೆ ಹೋಯಿತು. ಧಾರವಾಡದಿಂದ ಸುಜಾತಾ ಕೇಳಿದಳು: ಉಣಕಲ್ಲಿನಾಗ ರಸ್ತೆ ಯಾಕ ಮೆಟ್ಟಿಲ ಆಗೇತಿ? ಗಂಗವ್ವ ಉತ್ತರ ಕುಟ್ಟಿದಳು: ರಿಪೇರಿ ನಡದೈತಿ.

ಶನಿವಾರ ಸಾಹೇಬರು ಬಂದರು. ಸೌಮ್ಯವಾದ ಮನುಷ್ಯ, ಚೀಲದಿಂದ ಹೊಸ ಮೌಸ್ ತೆಗೆದು ತಾವೇ ಜೋಡಿಸಿದರು. ನಾನು ಹಿಂದಿನ ದಿನ ಕಂಡದ್ದನ್ನು ಈಗ ನಿಮಗೆ ಹೇಳಿದಷ್ಟೇ ನಿಧಾನವಾಗಿ ಅವರಿಗೂ ಹೇಳಿದೆ. ಅವರು ತಲೆದೂಗಿ ಕೇಳಿ, ನಕ್ಷೆ ನೋಡಿ, "ಮೊದಲನೇ ಭಾಗ ಸ್ವಚ್ಛ ಬಂದಿಲ್ಲ ನೋಡ್ರಿ ಸರ," ಎಂದರು. ಆಮೇಲೆ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದರು.

ಕೂಡಿ ಕಲಿತದ್ದನ್ನು ಒಬ್ಬೊಬ್ಬರಾಗಿ ತೋರಿಸಬೇಕಿತ್ತು. ಗಂಗವ್ವನ ಕೈಗೆ ಮೌಸ್ ಸಿಕ್ಕಿದ್ದು ಹಿಂದಿನ ದಿನವೇ ಮೊದಲು. ಅವಳು ಕೂತವಳೇ ಹೊಸ ಮೌಸನ್ನು ಅಂಗಾತ ಮಾಡಿದಳು. ಉಂಡೆಯನ್ನು ಎಂದೂ ಕಾಣದವಳು ಮುಚ್ಚಳ ತೆಗೆದು ನೋಡಿ, "ಸರ್ರ, ಇದರಾಗ ಕಲ್ಲ ಸಿಕ್ಕೊಂಡೈತ್ರಿ," ಎಂದಳು. ಸಾಹೇಬರು ಅವಳ ಹೆಸರಿನ ಮುಂದೆ ಏನೋ ಬರೆದುಕೊಂಡರು.

ದಾವಲ ಧೈರ್ಯ ಮಾಡಿ ಕೇಳಿದ: "ಸರ್ರ, ಮೂರೂ ಮಂದಿ ಕೂಡಿ ಮಾಡಿದ್ರ ಎಷ್ಟ್ ಮಾರ್ಕ್ಸ್ ಕೊಡ್ತೀರಿ?"

"ಅದಕ್ಕ ಈ ಫಾರ್ಮಿನಾಗ ಜಾಗಾ ಇಲ್ಲಪಾ," ಎಂದರು ಸಾಹೇಬರು. ಅವರಿಗೂ ಬೇಸರವಾದಂತೆ ಕಂಡಿತು. ನಾನು ಅವರನ್ನು ದೂರುವುದಿಲ್ಲ. ನನ್ನ ಮೇಜಿನ ಮೇಲಿನ ಹಾಜರಿಯಲ್ಲೂ, ಅಂಕಪಟ್ಟಿಯಲ್ಲೂ ಜಾಗವಿದ್ದದ್ದು ಒಬ್ಬೊಬ್ಬರಿಗೇ.

ಕೆಲವು ವಾರಗಳ ನಂತರ ಕಂಪ್ಯೂಟರನ್ನು ಬೇರೆ ಶಾಲೆಗೆ ಒಯ್ಯುವ ಪತ್ರ ಬಂತು. ಕೊನೆಯ ಶುಕ್ರವಾರ ಗಂಗವ್ವ ಹೇಳಿದಳು, ದಾವಲ ಅಕ್ಷರ ಹುಡುಕಿದ, ಮಹಾಂತೇಶ ಕುಟ್ಟಿದ. ಅವನನ್ನು ಯಾರೂ ನಾಯಕ ಎನ್ನಲಿಲ್ಲ, ಅವನೂ ಕೇಳಲಿಲ್ಲ. ಕಂಪ್ಯೂಟರ್ ಹೊಂಟೈತಿ. ನೀ ಬಸ್ ಹತ್ತಿ ಬಾ. ರಸ್ತೆ ಕೂಡೇತಿ. ಅಷ್ಟೇ. ಪಲ್ಯದ ವಿಷಯ ಬರಲಿಲ್ಲ.

ಮುಂದಿನ ರವಿವಾರ ಸುಜಾತಾ ತಂದೆಯ ಕೈ ಹಿಡಿದು ಬಂದಳು. ತಿಂಗಳುಗಟ್ಟಲೆ ತಂತಿಯ ಮೇಲೆ ಮಾತಾಡಿದ ಇಬ್ಬರಿಗೂ ಎದುರುಬದುರು ಕೂತಾಗ ಮಾತು ಬರಲಿಲ್ಲ. ಮಹಾಂತೇಶನೂ ದಾವಲನೂ ಕುಂಟಾಬಿಲ್ಲಿಗೆ ಚೌಕ ಎಳೆದರು. ಅರ್ಧ ಆಟದಲ್ಲಿ ಗಂಗವ್ವನೂ ಸುಜಾತಾಳೂ ಜಗಳವಾಡಿದರು. ಆಮೇಲೆ ಎಲ್ಲ ಸರಿಯಾಯಿತು. ಸುಜಾತಾಳ ತಂದೆ ಗಂಗವ್ವನ ಮನೆಯಲ್ಲಿ ಚಹಾ ಕುಡಿದು, ತಿಂಗಳಿಗೊಮ್ಮೆ ಕರೆದುಕೊಂಡು ಬರುತ್ತೇನೆಂದು ಹೇಳಿ ಹೋದರು. ಪ್ರತಿ ತಿಂಗಳು ಬರಲಾಗಲಿಲ್ಲ. ಆದರೂ ಗಂಗವ್ವ ಶಾಲೆ ಬಿಡಲಿಲ್ಲ. ಹೊಟ್ಟೆನೋವು ಬಂದ ದಿನ ದಾವಲ ಅವಳ ಮನೆಯ ಮುಂದೆ ನಿಂತು, ಹೊರಗೆ ಬರುವವರೆಗೆ ಏಳರ ಮಗ್ಗಿ ಒದರುತ್ತಿದ್ದನಂತೆ. ಇದನ್ನು ನಾನು ಕೇಳಿದ್ದು, ಕಂಡದ್ದಲ್ಲ.

ನಾನು ನಿವೃತ್ತನಾಗಿದ್ದೇನೆ. ಗುಂಪಿನಲ್ಲಿ ಕಲಿಸುವುದು ಹೇಗೆ ಎಂದು ಹೊಸ ಮಾಸ್ತರರು ಯಾರಾದರೂ ಕೇಳಿದರೆ ಗೊತ್ತಿಲ್ಲ ಎನ್ನುತ್ತೇನೆ. ಆಗುವುದನ್ನು ಒಮ್ಮೆ ನೋಡಿದ್ದೇನೆ ಎಂದಷ್ಟೇ ಹೇಳುತ್ತೇನೆ. ನನ್ನೊಬ್ಬನ ಮಾತು ಸಾಲದಿದ್ದರೆ ಅಂದು ಆ ಕೋಣೆಯಲ್ಲಿದ್ದವರು ಇನ್ನೂ ಇದ್ದಾರೆ. ಶಕುಂತಲಾ ಬಾಯಿ ವಿದ್ಯಾನಗರದಲ್ಲಿ ಮಗಳ ಮನೆಯಲ್ಲಿದ್ದಾರೆ. ಉಂಡೆ ನಿಜವಾಗಿ ಹೊಲಸಾಗಿತ್ತು ಎಂದು ಮೊದಲು ಹೇಳಿ ಆಮೇಲೆ ಉಳಿದದ್ದನ್ನು ಹೇಳುತ್ತಾರೆ. ಮಹಾಂತೇಶನಿಗೆ ಉಣಕಲ್ಲಿನಲ್ಲಿ ಮೊಬೈಲ್ ಅಂಗಡಿ ಇದೆ. ದಾವಲಸಾಬ ಅಮರಗೋಳದ ಮಾರುಕಟ್ಟೆಗೆ ಟೆಂಪೋ ಓಡಿಸುತ್ತಾನೆ. ಗಂಗವ್ವ ನವನಗರದಲ್ಲಿ ಹೊಲಿಗೆ ಕಲಿಸುತ್ತಾಳೆ. ಮೂವರನ್ನೂ ಬೇರೆ ಬೇರೆಯಾಗಿ ಕೇಳಿ ನೋಡಿದ್ದೇನೆ. ಆ ರಸ್ತೆ ಎಳೆದದ್ದು ತಾನೊಬ್ಬನೇ, ತಾನೊಬ್ಬಳೇ, ಉಳಿದಿಬ್ಬರು ಸುಮ್ಮನೆ ಜಗಳಾಡುತ್ತಾ ನಿಂತಿದ್ದರು ಎಂದು ಮೂವರೂ ಆಣೆ ಮಾಡಿ ಹೇಳುತ್ತಾರೆ.